ದೊಡ್ಡ ಶಾಲೆ ಬರಲಿ, ಆದ್ರೆ ಒಂದನೇ ಕ್ಲಾಸು ಕಾಲೋನಿಯಲ್ಲೇ ಇರಲಿ

ನಮಸ್ಕಾರ. 2018ರ ಬಜೆಟ್‌ನಲ್ಲಿ ಅಂದಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರು 28,847 ಸರ್ಕಾರಿ ಶಾಲೆಗಳನ್ನ ಒಂದು ಕಿಲೋಮೀಟರ್ ಒಳಗಿನ 8,530 ಶಾಲೆಗಳ ಜೊತೆ ವಿಲೀನ ಮಾಡ್ತೀವಿ ಅಂದ್ರು. ಆಗ ಎದ್ದ ಜಗಳ ಇನ್ನೂ ಆರಿಲ್ಲ, ಈಗ ಅದು ಕೆಪಿಎಸ್ ಹೆಸರಲ್ಲಿ ನಡೀತಿದೆ. ಕರ್ನಾಟಕ ಪಬ್ಲಿಕ್ ಶಾಲೆ ಅಂದ್ರೆ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ. ಸುತ್ತಲಿನ ಸಣ್ಣ ಶಾಲೆಗಳ ಮಕ್ಕಳನ್ನ ಅಲ್ಲಿಗೆ ಕಳಿಸೋ ಮಾತು ಬಂದ ಕೂಡ್ಲೇ ಊರು ಎರಡಾಗುತ್ತೆ. ಬಸ್ ಸ್ಟ್ಯಾಂಡ್ ಕಡೆಯವರು, ಹೊಸ ಬಡಾವಣೆಯವರು ಬೇಗ ಬರಲಿ ಅಂತಾರೆ. ಹಳ್ಳದಾಚೆ ಕಾಲೋನಿಯವರು, ತಾಂಡಾದವರು ನಮ್ಮ ಶಾಲೆ ನಮಗಿರಲಿ ಅಂತಾರೆ.

ಬಡಾವಣೆಯವರ ವಾದದಲ್ಲಿ ಹುರುಳಿಲ್ಲ ಅಂತಲ್ಲ. ಇಬ್ಬರೇ ಮೇಷ್ಟ್ರು, ಐದು ಕ್ಲಾಸು, ಅದರಲ್ಲೊಬ್ಬರು ವಾರಕ್ಕೆರಡು ದಿನ ಮೀಟಿಂಗು. ಹೀಗಿದ್ರೆ ಪಾಠ ಎಲ್ಲಾಗುತ್ತೆ? ಸೇರಿಸಿದ್ರೆ ಕ್ಲಾಸಿಗೊಬ್ಬ ಮೇಷ್ಟ್ರು ಸಿಗ್ತಾರೆ ಅನ್ನೋದು ಅವರ ನಂಬಿಕೆ. ಸಿಗ್ತಾರಾ? ಲೆಕ್ಕ ನೋಡೋಣ.

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರಕಾರ, ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು, 90ರವರೆಗೆ ಮೂವರು, 120ರವರೆಗೆ ನಾಲ್ವರು, 121 ಆದ್ರೆ ಐವರು. ತಲಾ 20 ಮಕ್ಕಳ ನಾಲ್ಕು ಶಾಲೆ ಇವೆ ಅಂದ್ಕೊಳ್ಳಿ. ಒಟ್ಟು ಎಂಟು ಶಿಕ್ಷಕರಿರಬೇಕು. ನಾಲ್ಕನ್ನೂ ಸೇರಿಸಿದ್ರೆ 80 ಮಕ್ಕಳು, ನಿಯಮಕ್ಕೆ ಮೂವರು ಸಾಕು. ಐದು ಕ್ಲಾಸಿಗೆ ಮೂರೇ ಜನ! ಉಳಿದ ಐವರು 'ಹೆಚ್ಚುವರಿ ಶಿಕ್ಷಕರ' ಪಟ್ಟಿ ಸೇರಿ ಬೇರೆ ಕಡೆ ಹೋಗಬಹುದು. ಬಿಸಿಯೂಟದ್ದೂ ಇದೇ ಕಥೆ. 25 ಮಕ್ಕಳವರೆಗೆ ಒಬ್ಬ ಅಡುಗೆಯವರು, 100ರವರೆಗೆ ಇಬ್ಬರು. ನಾಲ್ಕು ಹೆಂಗಸರ ಕೆಲಸ ಎರಡಕ್ಕಿಳಿಯುತ್ತೆ. ಹಾಗಾಗಿ ಸಭೆಯಲ್ಲಿ ಮೊದಲು ಕೇಳಬೇಕಾದ್ದು ಕಟ್ಟಡದ ನಕ್ಷೆ ಅಲ್ಲ. ಒಂದರಿಂದ ಐದರವರೆಗೆ 121 ಮಕ್ಕಳಾಗ್ತಾರಾ, ಆಗದಿದ್ರೂ ಐದು ಹುದ್ದೆ ಕೊಡ್ತೀವಿ ಅಂತ ಬರೆದುಕೊಡ್ತೀರಾ ಅಂತ ಕೇಳಿ.

ಇನ್ನು ದೂರ. ನಿಯಮದಲ್ಲಿ ಐದನೇ ತರಗತಿವರೆಗೆ ಒಂದು ಕಿಲೋಮೀಟರ್, ಎಂಟರವರೆಗೆ ಮೂರು. ಆದ್ರೆ ನಕ್ಷೆ ಮೇಲೆ ಗೆರೆ ಎಳೆದು ಅಳೆದ್ರೆ ಹಳ್ಳ ಕಾಣಲ್ಲ, ಹೆದ್ದಾರಿ ಡಿವೈಡರ್ ಕಾಣಲ್ಲ, ಮಲೆನಾಡಲ್ಲಿ ಜುಲೈ ಮಳೆಗೆ ಮುಳುಗೋ ಕಾಲುಸಂಕ ಕಾಣಲ್ಲ. ಬಡಾವಣೆಯ ಮಗುವನ್ನ ಅಪ್ಪ ಸ್ಕೂಟರ್‌ನಲ್ಲಿ ಬಿಟ್ಟು ಕೆಲಸಕ್ಕೆ ಹೋಗ್ತಾರೆ. ಕಾಲೋನಿಯ ತಾಯಿ ಬೆಳಗಿನ ಜಾವವೇ ಕೂಲಿಗೆ ಹೊರಟಿರ್ತಾಳೆ. ಮಗುವನ್ನ ಬಿಟ್ಟುಬರೋಕೆ ನಿಂತ್ರೆ ಅರ್ಧ ದಿನದ ಕೂಲಿ ಹೋಯ್ತು. ಅವಳು ಬಿಟ್ಟುಬರದಿದ್ರೆ ಆ ಕೆಲಸ ಅಕ್ಕನ ತಲೆಗೆ ಬರುತ್ತೆ, ಆಮೇಲೆ ಅಕ್ಕನ ಶಾಲೆಯೂ ತಪ್ಪುತ್ತೆ.

ಸಾರಿಗೆ ಭತ್ಯೆ ಕೊಡ್ತೀವಿ ಅಂತಾರೆ. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಮಗುವಿಗೆ ವರ್ಷಕ್ಕೆ ಗರಿಷ್ಠ 6,000 ರೂಪಾಯಿ. 200 ಶಾಲಾ ದಿನಕ್ಕೆ ಹಂಚಿದ್ರೆ ದಿನಕ್ಕೆ 30, ಹೋಗೋಕೆ 15, ಬರೋಕೆ 15. ಹತ್ತು ಮಕ್ಕಳು ಸೇರಿದ್ರೆ ಆಟೋದವನಿಗೆ ದಿನಕ್ಕೆ 300. ಅಷ್ಟಕ್ಕೆ ಗಾಡಿ ಓಡಬಹುದು, ಆದ್ರೆ ಹತ್ತೂ ಜನರ ದುಡ್ಡು ತಿಂಗಳಿಗೆ ಸರಿಯಾಗಿ ಬರಬೇಕು. ಬ್ಯಾಂಕ್ ಖಾತೆಗೆ ವರ್ಷದ ಕೊನೆಗೆ ಬಂದ್ರೆ ಅಷ್ಟರಲ್ಲಿ ಆಟೋ ನಿಂತಿರುತ್ತೆ. ಹೆಂಗಸರಿಗೆ ಬಸ್ಸು ಉಚಿತ ಅನ್ನೋ ಶಕ್ತಿ ಯೋಜನೆ ಇದೆಯಲ್ಲ ಅಂತೀರಾ? ಅದು ಹುಡುಗರಿಗಿಲ್ಲ. ಬಸ್ಸೇ ಬಾರದ ತಾಂಡಾದಲ್ಲಿ ಹುಡುಗಿಯರಿಗೂ ಅದರಿಂದ ಉಪಯೋಗವಿಲ್ಲ.

ನನ್ನ ಮಾತು ಇಷ್ಟೇ. ನಾಲ್ಕನೇ ತರಗತಿಯಿಂದ ಮೇಲೆ ದೊಡ್ಡ ಶಾಲೆಗೆ ಸೇರಿಸಿ, ಗಾಡಿ ಕೊಟ್ಟು ಸೇರಿಸಿ. ಒಂದರಿಂದ ಮೂರನ್ನ ಮಾತ್ರ ಕಾಲೋನಿಯಿಂದ ಕದಲಿಸಬೇಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಅನ್ನೋ ಸರ್ಕಾರಿ ಶಾಲೆಗಳ ಬೋಧನಾ ಪದ್ಧತಿಯಲ್ಲಿ ಮೂರೂ ತರಗತಿಯ ಮಕ್ಕಳು ಒಟ್ಟಿಗೇ ಕೂತು ಕಲೀತಾರೆ. ಕ್ಲಾಸಿಗೊಬ್ಬ ಮೇಷ್ಟ್ರು ಇಲ್ಲ ಅನ್ನೋ ನೆಪ ಅಲ್ಲಿ ನಡೆಯಲ್ಲ. ಆರು ವರ್ಷದ ಮಗು ಹೆದ್ದಾರಿ ದಾಟಬೇಕಾದ್ದೂ ಇಲ್ಲ.

ನಿಮ್ಮೂರಲ್ಲಿ ವಿಲೀನದ ಸುದ್ದಿ ಬಂದ್ರೆ ಜೂನ್‌ಗೆ ಮೊದಲೇ ಶುರು ಮಾಡಿ. ಒಂದೊಂದು ಮಗುವಿನ ಹೆಸರು ಬರೆದು, ಮನೆ ಬಾಗಿಲಿಂದ ಹೊಸ ಶಾಲೆ ಗೇಟಿನವರೆಗೆ ಮಗುವಿನ ಜೊತೆ ನಡೆದು ದೂರ, ನಿಮಿಷ ಎರಡೂ ಗುರುತು ಹಾಕಿ. ದಾಟಬೇಕಾದ ರಸ್ತೆ, ಹಳ್ಳ ಬರೆಯಿರಿ. ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿಯ ಸಭೆ ಕರೆದು ನಡಾವಳಿ ಪುಸ್ತಕದಲ್ಲಿ ನಿರ್ಣಯ ಬರೆಸಿ. ಕಾಯ್ದೆ ಪ್ರಕಾರ ಅಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು. ವಿಲೀನ ಆದ ಮೇಲೆ ನಿಮ್ಮ ಎಸ್‌ಡಿಎಂಸಿಯೇ ಇರಲ್ಲ, ಅದಕ್ಕೇ ಈ ಅವಸರ. ಹೊಸ ಸಮಿತಿಯಲ್ಲಿ ಕಾಲೋನಿ ಪೋಷಕರಿಗೆ ಎಷ್ಟು ಸ್ಥಾನ ಅನ್ನೋದೂ ನಿರ್ಣಯದಲ್ಲಿರಲಿ. ಪ್ರತಿಯನ್ನ ಬಿಇಒ (ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸ್ಕೊಳ್ಳಿ. ಇನ್ನೊಂದು ಜಿಲ್ಲೆಯ ಶಿಕ್ಷಣಾಧಿಕಾರಿ ಡಿಡಿಪಿಐಗೆ, ಮತ್ತೊಂದು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ.

ಇಷ್ಟಾಗಿಯೂ ಶಾಲೆ ಹೋಯ್ತು ಅಂದ್ರೆ ಇನ್ನೊಂದು ದಾರಿ ಕೇಳಿ ನೋಡಿ. ಹತ್ತಿರದಲ್ಲಿ ಸರ್ಕಾರಿ ಶಾಲೆ ಇದೆ ಅನ್ನೋ ಕಾರಣಕ್ಕೇ 2019-20ರಿಂದ ಖಾಸಗಿ ಶಾಲೆಯ ಶೇ 25ರ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆಯ) ಉಚಿತ ಸೀಟು ಬಹುಪಾಲು ಕಡೆ ನಿಂತದ್ದು. ಆ ಶಾಲೆಯೇ ಇಲ್ಲ ಅಂದ್ಮೇಲೆ ಪಕ್ಕದ ಖಾಸಗಿ ಶಾಲೆಯಲ್ಲಿ ನಮ್ಮ ಮಕ್ಕಳಿಗೆ ಸೀಟು ಕೊಡಿ ಅಂತ ಅದೇ ಬಿಇಒಗೆ ಬರೆಯಿರಿ. ಆಗ ಈ ಜಗಳ ಬಡಾವಣೆಯವರ ಮನೆ ಬಾಗಿಲಿಗೂ ಹೋಗುತ್ತೆ, ಹೋಗಲಿ. ಜುಲೈ ಕೊನೆಗೆ ನಿಮ್ಮ ಹಳೇ ಪಟ್ಟಿ ಹಿಡ್ಕೊಂಡು ಮುಖ್ಯ ಶಿಕ್ಷಕರ ಹತ್ರ ಹೋಗಿ. ಮಕ್ಕಳ ದಾಖಲೆ ಇಡೋ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ನಲ್ಲಿ ಪ್ರತಿ ಮಗುವಿನ ಸಂಖ್ಯೆ ಈಗ ಯಾವ ಶಾಲೆಯಲ್ಲಿ ತೋರಿಸುತ್ತೆ ನೋಡಿ, ಹಾಜರಿ ಪುಸ್ತಕವನ್ನೂ ತೆಗೆಸಿ ನೋಡಿ. ಸ್ಯಾಟ್ಸ್‌ನಲ್ಲಿದ್ದು ಹಾಜರಿಯಲ್ಲಿಲ್ಲದ ಹೆಸರು ಸಿಕ್ಕಿದ್ರೆ ಅವತ್ತೇ ಆ ಮನೆಗೆ ಹೋಗಿ.