ಅಗೆಯುವ ಮೊದಲು ಹುಡುಕಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹವಾಯಿ ಎಂದೊಡನೆ ನಮಗೆ ನೆನಪಾಗುವುದು ಕಡಲತೀರ ಮತ್ತು ಅಲ್ಲಿನ ದೊಡ್ಡ ಹೋಟೆಲುಗಳು. ಆದರೆ ಹೋಟೆಲಿನವರು ಆಸೆಪಡುವ ಮರಳದಿಬ್ಬಗಳಲ್ಲಿಯೇ ಅಲ್ಲಿನ ಮೂಲನಿವಾಸಿಗಳು ತಲೆಮಾರುಗಳ ಕಾಲ ತಮ್ಮ ಹಿರಿಯರನ್ನು ಹೂಳುತ್ತ ಬಂದರು. ಆ ಸಮಾಧಿಗಳ ಮೇಲೆ ಕಲ್ಲೂ ಇಲ್ಲ, ಹೆಸರೂ ಇಲ್ಲ. ಸತ್ತವರ ಶಕ್ತಿ ಎಲುಬುಗಳಲ್ಲಿ ನೆಲೆಸಿರುತ್ತದೆ, ಆ ಎಲುಬುಗಳನ್ನು ಕಾಯುವುದು ವಂಶದವರ ಹೊಣೆ ಎಂಬುದು ಅವರ ನಂಬಿಕೆ. ಆದ್ದರಿಂದ ನಾನು ಇಂದು ಒತ್ತಿ ಹೇಳುವುದು ಒಂದೇ ಮಾತು: ಅಗೆಯುವ ಮೊದಲು ಹುಡುಕಬೇಕು.

ಮಾವಿ ದ್ವೀಪದ ಹೊನೊಕಹುವದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. 1980ರ ದಶಕದ ಕೊನೆಯಲ್ಲಿ ಅಲ್ಲಿ ಹೋಟೆಲು ಕಟ್ಟಲು ಹೊರಟವರು ಸಮಾಧಿಗಳನ್ನು ತೆರವುಗೊಳಿಸಲು ಉತ್ಖನನಕ್ಕೆ ತೊಡಗಿದರು. ಒಂದರ ಹಿಂದೆ ಒಂದರಂತೆ ಸಮಾಧಿಗಳು ಸಿಗುತ್ತ ಹೋದವು. 900ಕ್ಕೂ ಹೆಚ್ಚು ಮಂದಿಯ ಅಸ್ಥಿಗಳನ್ನು ಹೊರತೆಗೆದರೂ ಕೆಲಸ ನಿಲ್ಲಲಿಲ್ಲ. 1988ರ ಡಿಸೆಂಬರಿನಲ್ಲಿ ಮೂಲನಿವಾಸಿಗಳು ಹೊನೊಲುಲುವಿನ ರಾಜ್ಯ ಶಾಸನಸಭೆಯ ಭವನದೆದುರು ಅಹೋರಾತ್ರಿ ಕುಳಿತರು. ಮೂಲನಿವಾಸಿಗಳ ಕುಲದಿಂದಲೇ ಬಂದಿದ್ದ ಗವರ್ನರ್ ಜಾನ್ ವೈಹೆಎ ಉತ್ಖನನವನ್ನು ನಿಲ್ಲಿಸಿದರು. ಹೋಟೆಲು ಮರಳದಿಬ್ಬವನ್ನು ಬಿಟ್ಟು ಒಳನಾಡಿನ ಕಡೆಗೆ ಸರಿಯಿತು. ಆಮೇಲೆ ನಡೆದದ್ದು ನನಗೆ ಬಹಳ ಮುಖ್ಯವಾದದ್ದು. ಮರುಸಂಸ್ಕಾರಕ್ಕಾಗಿ ಹೆಂಗಸರು ವೌಕೆ ಗಿಡದ ಒಳತೊಗಟೆಯನ್ನು ಮರದ ಕೊಡತಿಯಿಂದ ಬಡಿದು ಬಡಿದು ತೆಳುವಾಗಿಸಿ ಹಳೆಯ ಪದ್ಧತಿಯ ನಾರುಮಡಿಗಳನ್ನು ಸಿದ್ಧಪಡಿಸಿದರು. ಹಿರಿಯರ ಅಸ್ಥಿಗಳು ಮರಳಿ ಅದೇ ಮಣ್ಣಿಗೆ ಸೇರಿದವು.

ಹಳೆಯ ಎಲುಬುಗಳಿಗಾಗಿ ಇಷ್ಟು ಹೋರಾಟವೇಕೆ ಎಂದು ಕೇಳುವವರಿದ್ದಾರೆ. ಅವರ ಅಜ್ಜ ಅಜ್ಜಿಯರ ಸಮಾಧಿಯ ಮೇಲೆ ಯಂತ್ರ ಹರಿಯುವಾಗ ಅವರು ಸುಮ್ಮನಿರುತ್ತಾರೆಯೇ?

ಈ ಹೋರಾಟದ ಫಲವಾಗಿ 1990ರಲ್ಲಿ ಹವಾಯಿಯ ಕಾನೂನು ಬದಲಾಯಿತು, ದ್ವೀಪಗಳ ಸಮಾಧಿ ಮಂಡಳಿಗಳು ಹುಟ್ಟಿದವು. ಕಾಮಗಾರಿಗೆ ಮೊದಲೇ ಗುರುತಿಸಿದ ಸಮಾಧಿಯನ್ನು ಇದ್ದಲ್ಲಿಯೇ ಉಳಿಸಬೇಕೆ ಎಂಬುದನ್ನು ಈ ಮಂಡಳಿ ತೀರ್ಮಾನಿಸುತ್ತದೆ. ಯಂತ್ರದ ಬಾಯಿಗೆ ಅಕಸ್ಮಾತ್ತಾಗಿ ಸಿಕ್ಕಿದ್ದರೆ ತೀರ್ಮಾನ ಸರ್ಕಾರಿ ಇಲಾಖೆಯದು, ಅದೂ ಅವಸರದಲ್ಲಿ. ಮೊದಲು ಹುಡುಕಿ ಎಂದು ನಾನು ಮತ್ತೆ ಮತ್ತೆ ಹೇಳುವುದು ಈ ಕಾರಣಕ್ಕೆ.

ಸಮಯ ಮುಗಿಯುತ್ತ ಬಂದಿರುವುದರಿಂದ ಹೊನೊಲುಲುವಿನ ರೈಲು ಯೋಜನೆಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಸಮಾಧಿಗಳು ಹೆಚ್ಚಾಗಿರಬಹುದಾದ ಕಕಾಆಕೊ ಭಾಗದ ಸಮೀಕ್ಷೆಯನ್ನು ಕೊನೆಗೆ ಉಳಿಸಿಕೊಂಡು ನಗರಾಡಳಿತವು ಇನ್ನೊಂದು ತುದಿಯಿಂದ ಕಟ್ಟಲು ಹೊರಟಿತ್ತು. ಇಡೀ ಮಾರ್ಗದ ಸಮೀಕ್ಷೆ ಮುಗಿಯದೆ ಕಾಮಗಾರಿಗೆ ಅನುಮತಿ ಸಲ್ಲದು ಎಂದು 2012ರ ಆಗಸ್ಟ್‌ನಲ್ಲಿ ಹವಾಯಿಯ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕೆಲಸ ಸುಮಾರು ಒಂದು ವರ್ಷ ನಿಂತು, ಸಮೀಕ್ಷೆಯಾದ ಮೇಲೆ 2013ರಲ್ಲಿ ಮುಂದುವರಿಯಿತು. ನಮಸ್ಕಾರ.