ರುಚಿ ಇಲ್ಲದ ಎಲೆಗೆ ಹೇನು ಯಾಕೆ ಬರುತ್ತದೆ?

ಈ ಎಲೆಯ ಅಡಿಭಾಗ ನೋಡಿ. ಗಾಳಿಗೆ ಫೋಕಸ್ ತಪ್ಪುತ್ತಿದೆ, ಸ್ವಲ್ಪ ತಾಳ್ಮೆ ಇರಲಿ. ಹಸಿರು ಚುಕ್ಕೆ ಥರ ಕಾಣುತ್ತಿರೋದೆಲ್ಲ ಗಿಡಹೇನು. ಮೇಲ್ಭಾಗದಲ್ಲಿ ಹಳದಿ, ಹಸಿರು ಮಚ್ಚೆ ಇದೆಯಲ್ಲ, ಅದು ಮೊಸಾಯಿಕ್ ಅನ್ನೋ ವೈರಸ್ ರೋಗದ ಥರವೇ ಇದೆ.

ನಾನು ಇಷ್ಟು ದಿನ ಅಂದುಕೊಂಡಿದ್ದು ಏನಪ್ಪಾ ಅಂದರೆ, ಹೇನು ರಸ ಹೀರುತ್ತದೆ, ಬಾಯಿಗೆ ವೈರಸ್ ಅಂಟುತ್ತದೆ, ಪಕ್ಕದ ಗಿಡಕ್ಕೆ ಹೋಗುತ್ತದೆ, ಅಷ್ಟೇ. ಓದುತ್ತಾ ಹೋದರೆ ಕಥೆ ಬೇರೆಯೇ ಇದೆ.

ಸೌತೆ ಮೊಸಾಯಿಕ್ ವೈರಸ್ಸನ್ನೇ ತಗೊಳ್ಳಿ. 2010ರಲ್ಲಿ ಅಮೆರಿಕದ ಸಂಶೋಧಕರು ಕುಂಬಳ ಜಾತಿಯ ಗಿಡದಲ್ಲಿ ನೋಡಿದ್ದು ಇದು: ರೋಗ ಬಂದ ಗಿಡ ಹೇನನ್ನು ಸೆಳೆಯುವ ವಾಸನೆಯನ್ನು ಜಾಸ್ತಿ ಬಿಡುತ್ತದೆ. ಆ ಆಸೆಗೆ ಹೇನು ಬಂದು ಚುಚ್ಚಿ ನೋಡಿದರೆ ರುಚಿಯೇ ಇಲ್ಲ, ಬೇಗ ಎದ್ದು ಹೋಗುತ್ತದೆ. ವೈರಸ್‌ಗೆ ಬೇಕಾಗಿದ್ದೂ ಅದೇ! ಇದು ಕೆಲವೇ ಸೆಕೆಂಡಿನ ಚುಚ್ಚುವಿಕೆಯಲ್ಲೇ ಹೇನಿನ ಬಾಯಿಗೆ ಅಂಟುತ್ತದೆ, ಹೇನು ಅಲ್ಲೇ ಕೂತು ಹೀರುತ್ತಿದ್ದರೆ ಅದಕ್ಕೆ ನಷ್ಟವೇ.

ಬಾರ್ಲಿಯ ಹಳದಿ ಕುಬ್ಜ ವೈರಸ್ ಇದಕ್ಕೆ ಉಲ್ಟಾ. ಅದು ಹೇನಿನ ಹೊಟ್ಟೆ ದಾಟಿ, ರಕ್ತ ಸೇರಿ, ಜೊಲ್ಲಿಗೆ ಬರಬೇಕು, ಹಾಗಾಗಿ ಹೇನು ಗಂಟೆಗಟ್ಟಲೆ ಕೂತು ಹೀರಿದರೇ ಅನುಕೂಲ. 2012ರ ಪ್ರಯೋಗವೊಂದರಲ್ಲಿ, ವೈರಸ್ ಇಲ್ಲದ ಹೇನುಗಳು ರೋಗದ ಗೋಧಿ ಗಿಡವನ್ನು ಹುಡುಕಿಕೊಂಡು ಹೋದವು. ವೈರಸ್ ಒಳಗೆ ಹೋದ ಮೇಲೆ? ಅವಕ್ಕೆ ಆರೋಗ್ಯದ ಗಿಡವೇ ಬೇಕಾಯಿತು. ಅದೂ ಗಿಡದಿಂದಲ್ಲ, ಕೃತಕ ಆಹಾರದಲ್ಲಿ ವೈರಸ್ ಕುಡಿಸಿದ ಹೇನುಗಳು. ಅಂದರೆ ಗಿಡದ ಪಾತ್ರವೇ ಇಲ್ಲದೆ ವೈರಸ್ ನೇರವಾಗಿ ಕೀಟದ ಆಯ್ಕೆಯನ್ನೇ ತಿರುಗಿಸಿತು! ವೈರಸ್‌ಗೆ ಮಿದುಳಿಲ್ಲ, ಯೋಜನೆ ಹಾಕಿದೆ ಅಂತ ನಾನು ಹೇಳುತ್ತಿಲ್ಲ. ಹೀಗೆ ಹರಡಿದ್ದು ಉಳಿದುಕೊಂಡಿತು, ಅಷ್ಟೇ.

ನನಗೆ ತುಂಬಾ ಇಷ್ಟವಾದದ್ದು ಥ್ರಿಪ್ಸ್ ಅನ್ನೋ ರಸ ಹೀರುವ ಪುಟ್ಟ ಕೀಟದ ಕಥೆ. ಟೊಮೆಟೊ ಚುಕ್ಕೆ ಸೊರಗು ವೈರಸ್ಸನ್ನು ಥ್ರಿಪ್ಸ್ ಮರಿಯಾಗಿದ್ದಾಗಲೇ ಪಡೆಯಬೇಕು, ದೊಡ್ಡದಾದ ಮೇಲೆ ಕುಡಿದರೆ ಅದು ರೋಗ ಹರಡುವುದಿಲ್ಲ. ವೈರಸ್ ಕೀಟದೊಳಗೇ ಬೆಳೆದು ಹೆಚ್ಚುತ್ತದೆ. ಸೋಂಕು ತಗುಲಿದ ಗಂಡು ಥ್ರಿಪ್ಸ್, ಸೋಂಕಿಲ್ಲದ ಗಂಡಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಸಲ ಚುಚ್ಚುತ್ತದೆ ಅಂತ 2011ರಲ್ಲಿ ಕಂಡುಬಂತು, ಅದೂ ರಸ ಹೀರದೆ ಸುಮ್ನೆ ಚುಚ್ಚಿ ಚುಚ್ಚಿ ಬಿಡುವ ಥರ. ಹೀಗೆ ಚುಚ್ಚಿದಾಗ ಜೀವಕೋಶ ಸಾಯುವುದಿಲ್ಲ, ಜೊಲ್ಲಿನ ಜೊತೆ ಬಂದ ವೈರಸ್ ಅಲ್ಲೇ ಬದುಕಿ ಬೆಳೆಯಬಹುದು.

ಎಲ್ಲ ಕೀಟಕ್ಕೂ ಇದು ಪುಕ್ಕಟೆ ಸವಾರಿಯಲ್ಲ. ಟೊಮೆಟೊ ಎಲೆ ಮುದುರು ವೈರಸ್ ಹೊತ್ತ ಬಿಳಿನೊಣ ಕಡಿಮೆ ಮೊಟ್ಟೆ ಇಟ್ಟು ಬೇಗ ಸತ್ತದ್ದೂ ಉಂಟು.

ಸರಿ, ನನ್ನ ಗಿಡಕ್ಕೆ ಬರೋಣ. ಔಷಧಿ ಹೊಡೆಯಬಹುದಲ್ವಾ ಅಂತ ಕೇಳಬೇಡಿ. ಸೆಕೆಂಡುಗಳಲ್ಲಿ ಅಂಟುವ ವೈರಸ್ಸಾದರೆ, ಹೇನು ಸಾಯುವಷ್ಟರಲ್ಲಿ ಅದು ಚುಚ್ಚಿ ಆಗಿರುತ್ತದೆ. ಗಿಡವನ್ನೇ ಬೇರುಸಮೇತ ಕಿತ್ತು ಚೀಲಕ್ಕೆ ಹಾಕುತ್ತಿದ್ದೇನೆ. ಕ್ಯಾಮೆರಾ ಸ್ವಲ್ಪ ಅಲುಗಾಡುತ್ತದೆ, ಒಂದೇ ಕೈ ಇರೋದು.