‘ಅಟ್ಟೆ’ಯ ನಡುವಿನ ಮೌನ

ಎಲ್ಲರಿಗೂ ನಮಸ್ಕಾರ.

ಕಳೆದ ಮಳೆಗಾಲದಲ್ಲಿ ಶಂಕರಪುರಕ್ಕೆ ಹೋಗಿದ್ದೆ. ಉಡುಪಿಯ ಹತ್ತಿರ, ಕಟಪಾಡಿಯಿಂದ ಸ್ವಲ್ಪ ಒಳಗೆ. ಮಲ್ಲಿಗೆ ಬೆಳೆಯುವ ಹಿರಿಯರೊಬ್ಬರ ಮಾತು ರೆಕಾರ್ಡ್ ಮಾಡಬೇಕಿತ್ತು. ಅವರು ಚಾವಡಿಯಲ್ಲಿ ಕೂತು ಬಾಳೆನಾರಿನಲ್ಲಿ ಹೂ ಕಟ್ಟುತ್ತಲೇ ಮಾತಾಡಿದರು. ಮೇಲೆ ಹಂಚಿಗೆ ಮಳೆ ಬೀಳುತ್ತಿತ್ತು. “800 ಹೂವಿಗೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ, ಮಾರಾಯ್ರೆ” ಅಂದರು. ಒಟ್ಟು 40 ನಿಮಿಷದ ಮಾತು. ನನಗೆ ಬೇಕಾದದ್ದು 8 ನಿಮಿಷ.

ಮನೆಗೆ ಬಂದು ಆಡಾಸಿಟಿ ತೆರೆದೆ. 2000ದಲ್ಲಿ ಮೊದಲು ಹೊರಬಂದ, ಎಲ್ಲರಿಗೂ ಉಚಿತವಾಗಿ ಸಿಗುವ, ಧ್ವನಿ ಕತ್ತರಿಸಿ ಜೋಡಿಸುವ ತಂತ್ರಾಂಶ ಅದು. ಮೌಸ್ ಹಿಡಿದು ಖಾಲಿ ಕಂಡಲ್ಲೆಲ್ಲ ಕತ್ತರಿಸುತ್ತಾ ಹೋದೆ. ಆಮೇಲೆ ಕೇಳಿದರೆ, ಅವರ ‘ಅಟ್ಟೆ’ ‘ಅಟೆ’ ಆಗಿಬಿಟ್ಟಿತ್ತು. ಅಂಥ ಪದವೇ ಇಲ್ಲ. 

ಆಗಿದ್ದು ಇಷ್ಟು. ನಾವು ‘ಅಟ್ಟೆ’ ಅನ್ನುವಾಗ ನಾಲಿಗೆ ಮೇಲಕ್ಕೆ ಒತ್ತಿ ನಿಲ್ಲುತ್ತದೆ. ಆ ಕ್ಷಣ ಬಾಯಿಂದ ಸದ್ದು ಹೊರಡುವುದಿಲ್ಲ. ಪರದೆಯಲ್ಲಿ ಕಾಣುವ ಧ್ವನಿಯ ಅಲೆ ಕುಗ್ಗಿ ಗೆರೆಯಷ್ಟೇ ಉಳಿಯುತ್ತದೆ. ನನ್ನ ರೆಕಾರ್ಡಿಂಗಿನಲ್ಲಿ ಆ ಜಾಗ 0.15 ಸೆಕೆಂಡ್ ಇತ್ತು. ಕಣ್ಣಿಗೆ ಅದು ಖಾಲಿ. ಕಿವಿಗೆ ಅದೇ ಒತ್ತಕ್ಷರ. ಅದನ್ನು ತೆಗೆದರೆ ಕತ್ತೆ ಕತೆಯಾಗುತ್ತದೆ.

ಮೌಸ್ ಬಿಟ್ಟು ಕೀಬೋರ್ಡಿನಲ್ಲೇ ಎಡಿಟ್ ಮಾಡುವ ದಾರಿ ತೋರಿಸಿದವರು ಕಣ್ಣು ಕಾಣದ ಗೆಳೆಯರೊಬ್ಬರು. ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಇಟ್ಟುಕೊಂಡು ಅವರು ಇಡೀ ಕಾರ್ಯಕ್ರಮ ಎಡಿಟ್ ಮಾಡುತ್ತಾರೆ. “ನೀವು ಅಲೆ ನೋಡುವುದು ಬಿಡಿ. ಮೊದಲು ಕೇಳಿ” ಅಂದರು.

ಅವರು ಕಲಿಸಿದ್ದು ಹೀಗೆ. ಸ್ಪೇಸ್ ಒತ್ತಿ, ಧ್ವನಿ ಓಡಲಿ. ಬೇಕಾದ ಮಾತು ಶುರುವಾದ ಕೂಡಲೇ ತೆರೆಯುವ ಚೌಕ ಬ್ರಾಕೆಟ್ ಒತ್ತಿ. ಮುಗಿದ ಕೂಡಲೇ ಮುಚ್ಚುವ ಚೌಕ ಬ್ರಾಕೆಟ್. ಓಡುತ್ತಿರುವಾಗಲೇ ಆಯ್ಕೆಯ ಎರಡೂ ಅಂಚು ಬಿತ್ತು. ಮೌಸ್ ಮುಟ್ಟಲೇ ಇಲ್ಲ. ಆದರೆ ಕಿವಿ ಕೇಳಿ ಬೆರಳು ಒತ್ತುವಷ್ಟರಲ್ಲಿ ಸ್ವಲ್ಪ ತಡವಾಗಿರುತ್ತದೆ, ಎಲ್ಲರಿಗೂ. ಹಾಗಾಗಿ ಎಡ ಅಂಚು ಮಾತಿನ ಒಳಗೆ ಬಿದ್ದಿರುತ್ತದೆ, ಬಲ ಅಂಚು ಮಾತು ದಾಟಿರುತ್ತದೆ. ಧ್ವನಿ ನಿಂತ ಮೇಲೆ ಶಿಫ್ಟ್ ಹಿಡಿದು ಎಡಬಾಣ ಒತ್ತಿದರೆ ಎಡ ಅಂಚು ಹಿಂದಕ್ಕೆ ಸರಿಯುತ್ತದೆ. ಕಂಟ್ರೋಲ್, ಶಿಫ್ಟ್ ಎರಡೂ ಹಿಡಿದು ಎಡಬಾಣ ಒತ್ತಿದರೆ ಬಲ ಅಂಚು ಒಳಕ್ಕೆ ಬರುತ್ತದೆ. ಬಾಣದ ಒಂದೊಂದು ಹೆಜ್ಜೆ ಎಷ್ಟು ದೊಡ್ಡದು ಅನ್ನುವುದು ಝೂಮ್ ಮೇಲೆ ನಿಂತಿದೆ. ಕಂಟ್ರೋಲ್ ಮತ್ತು 1 ಒತ್ತಿ ಹತ್ತಿರ ಹೋದಷ್ಟೂ ಹೆಜ್ಜೆ ಸಣ್ಣದಾಗುತ್ತದೆ. ಕಂಟ್ರೋಲ್ ಮತ್ತು 3 ಒತ್ತಿದರೆ ಮತ್ತೆ ದೂರ.

ಆಯ್ದದ್ದನ್ನು ಉಳಿಸಿ ಆಚೀಚಿನದನ್ನು ತೆಗೆಯಲು ಕಂಟ್ರೋಲ್ ಮತ್ತು ಟಿ. ಆಯ್ದದ್ದನ್ನೇ ತೆಗೆಯಲು ಕಂಟ್ರೋಲ್ ಮತ್ತು ಕೆ. ಕೈ ತಪ್ಪಿದರೆ ಕಂಟ್ರೋಲ್ ಮತ್ತು ಝಡ್.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಸುಮ್ನೆ ಒಂದು ಸಿ. ತೆಗೆಯಬೇಕಾದದ್ದನ್ನು ಆಯ್ದು ಸಿ ಒತ್ತಿದರೆ, ಅದಕ್ಕೆ ಮೊದಲಿನ 2 ಸೆಕೆಂಡ್, ಆಮೇಲಿನ 1 ಸೆಕೆಂಡ್ ಜೋಡಿಸಿ ಕೇಳಿಸುತ್ತದೆ. ಇನ್ನೂ ಏನೂ ಕತ್ತರಿಸಿಲ್ಲ. ಕತ್ತರಿಸಿದರೆ ಹೇಗಿರುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. ‘ಅಟೆ’ ಕೇಳಿದರೆ ಅಲ್ಲೇ ಕೈ ಬಿಡಬಹುದು, ಅಲ್ವಾ?

1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದಾಗ ಇದ್ದದ್ದು ಎರಡು ರೀಲಿನ ನಡುವೆ ಓಡುವ ಸ್ಪೂಲ್ ಟೇಪಿನ ಕಾಲ. ಸೆಕೆಂಡಿಗೆ 7.5 ಇಂಚು ಓಡುವ ಟೇಪಿನಲ್ಲಿ ಆ 0.15 ಸೆಕೆಂಡ್ ಅಂದರೆ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ. ಎರಡೂ ರೀಲನ್ನು ಕೈಯಲ್ಲೇ ಹಿಂದೆ ಮುಂದೆ ತಿರುಗಿಸಿ, ಕಿವಿಗೊಟ್ಟು, ಜಾಗ ಸಿಕ್ಕಿದ ಮೇಲೆ ಪೆನ್ಸಿಲ್ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕೊಯ್ಯುತ್ತಿದ್ದರು. ನೇರ ಕೊಯ್ದರೆ ಜೋಡಿಸಿದಲ್ಲಿ ಟಕ್ ಅನ್ನುವ ಸಾಧ್ಯತೆ ಜಾಸ್ತಿ. ಕಂಪ್ಯೂಟರಿನಲ್ಲೂ ಅಲೆ ನಡುಗೆರೆಯಿಂದ ಮೇಲೋ ಕೆಳಗೋ ಇರುವಾಗ ಕತ್ತರಿಸಿದರೆ ಅದೇ ಟಕ್ ಬರುತ್ತದೆ. ಅಲ್ಲಿ ಝಡ್ ಒಂದನ್ನೇ ಒತ್ತಿದರೆ ಆಯ್ಕೆಯ ಅಂಚುಗಳು ಅಲೆ ನಡುಗೆರೆ ದಾಟುವ ಹತ್ತಿರದ ಜಾಗಕ್ಕೆ ಸರಿಯುತ್ತವೆ.

ಕನ್ನಡದ ಮಾತಿಗೆ ಇನ್ನೊಂದು ಎಚ್ಚರ ಬೇಕು. ನಮ್ಮ ಕ್ರಿಯಾಪದದ ಕೊನೆಯ ಸ್ವರದಲ್ಲೇ ಎಷ್ಟೋ ಸಲ ‘ಯಾರು’ ಅನ್ನುವುದು ಇರುತ್ತದೆ. ಬಂದೆ ಅಂದರೆ ನಾನು, ಬಂದ ಅಂದರೆ ಅವನು. ಆ ಸ್ವರ ಮೆಲ್ಲಗೆ ತಗ್ಗುತ್ತಾ ಹೋಗುತ್ತದೆ. ಪರದೆಯಲ್ಲಿ ಕೂದಲೆಳೆಯಷ್ಟು ಕಾಣುತ್ತದೆ. ಅವಸರದಲ್ಲಿ ಬಾಲ ಕತ್ತರಿಸಿದರೆ ‘ಬಂದ್’ ಉಳಿಯುತ್ತದೆ, ಬಂದವರು ಯಾರು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ನಾನು ಈಗ ಬಲ ಅಂಚನ್ನು ಯಾವಾಗಲೂ ಮುಂದಿನ ಉಸಿರಿನ ತನಕ ಬಿಡುತ್ತೇನೆ. ಉಸಿರನ್ನೂ ತೆಗೆಯುವುದಿಲ್ಲ. ಎಲ್ಲ ಉಸಿರನ್ನೂ ತೆಗೆದ ಮಾತು ಕೇಳುವಾಗ ನನಗೇ ಉಸಿರು ಕಟ್ಟಿದ ಹಾಗೆ ಆಗುತ್ತದೆ.

ನಡುವೆ ಒಂದು ಕಡೆ ಬೈಕಿನ ಹಾರ್ನ್ ಬಂದಿತ್ತು. ಕಂಟ್ರೋಲ್ ಮತ್ತು ಎಲ್ ಒತ್ತಿ ಅಷ್ಟನ್ನು ಮೌನ ಮಾಡಿದೆ. ಹಾರ್ನ್ ಹೋಯಿತು, ಜೊತೆಗೆ ಮಳೆಯೂ ನಿಂತಿತು. ರೇಡಿಯೋ ಕೆಟ್ಟಿತೇನೋ ಅನ್ನುವಂಥ ಹೊಂಡ ಅದು. ಪುಣ್ಯಕ್ಕೆ ಹೊರಡುವ ಮೊದಲು ಅದೇ ಚಾವಡಿಯಲ್ಲಿ, ಯಾರೂ ಮಾತಾಡದೆ, 20 ಸೆಕೆಂಡ್ ಬರೀ ಮಳೆ ರೆಕಾರ್ಡ್ ಮಾಡಿಕೊಂಡಿದ್ದೆ. ಅದರಿಂದ ಬೇಕಾದಷ್ಟು ಆಯ್ದು, ಕಂಟ್ರೋಲ್ ಮತ್ತು ಸಿ ಒತ್ತಿ ನಕಲು ಮಾಡಿ, ಆ ಹೊಂಡವನ್ನು ಆಯ್ದು ಕಂಟ್ರೋಲ್ ಮತ್ತು ವಿ ಒತ್ತಿ ತುಂಬಿದೆ. ನೀವು ಎಲ್ಲಿ ರೆಕಾರ್ಡ್ ಮಾಡಿದರೂ ಆ 20 ಸೆಕೆಂಡ್ ಮರೆಯಬೇಡಿ.

ಈಗ ಅವರ 8 ನಿಮಿಷದ ಮಾತು ಕೇಳಿಸುತ್ತೇನೆ. ‘ಅಟ್ಟೆ’ ಅವರು ಹೇಳಿದ ಹಾಗೇ ಇದೆ. ಕೊನೆಯಲ್ಲಿ ‘ಮಾರಾಯ್ರೆ’ ಮುಗಿದ ಮೇಲೆ 4 ಸೆಕೆಂಡ್ ಮಳೆಯನ್ನು ಹಾಗೇ ಬಿಟ್ಟಿದ್ದೇನೆ.

ನಮಸ್ಕಾರ.